ಮುಂದಕ್ಕೆ ಮಾತ್ರ

ನಾನು ಕೋಪಿಷ್ಠೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ದೇವೀರಮ್ಮ ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಹಾರಾಡಿದಳು ಅಂತ ಯಾರೂ ಕೇಳಬಾರದು. ಸಣ್ಣ ವಿಷಯ ಅಂದರೆ ಒಂದು ಫಾರಂನ ಏಳನೇ ಕಾಲಂ. ಅದರ ಮುಂದೆ ಎರಡು ಚೌಕ. ಈ ಊರಿನ ಸಾರಿಗೆ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತಿದ್ದ ಮೃಗಾವತಿ ಎನ್ನುವ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಆ ಚೌಕಗಳ ಮೇಲೆ ಪೆನ್ನಿನ ಹಿಂಬದಿಯಿಂದ ಕುಟ್ಟಿ, ಇಲ್ಲಿ ಸಂಖ್ಯೆ ಬರೆಯಿರಿ ಅಂದಳು. ಕಾಲಂನಲ್ಲಿ ಅಚ್ಚಾಗಿದ್ದದ್ದು ಇಷ್ಟು: ಹೊರದೇಶದ ಲೈಸೆನ್ಸಿನ ಅವಧಿಯಲ್ಲಿ ಅರ್ಜಿದಾರರ ವಾಹನ ಹರಿದ ನೆರಳುಗಳ ಒಟ್ಟು ಸಂಖ್ಯೆ.

ನಾನು ಸೊನ್ನೆ ಬರೆದೆ. ಎರಡು ಚೌಕಕ್ಕೆ ಎರಡು ಸೊನ್ನೆ, ದುಂಡಗೆ. ಅವಳು ನೋಡಿದಳು, ಫಾರಂ ಮಡಚಿದಳು, ಕಿಟಕಿಯ ಕೆಳಗಿನ ಸಂದಿಯಿಂದ ವಾಪಸ್ಸು ತಳ್ಳಿದಳು. ಹೊರದೇಶದಲ್ಲಿ ಹದಿಮೂರು ವರ್ಷ ಗಾಡಿ ಓಡಿಸಿದವರು ಸೊನ್ನೆ ಬರೆದರೆ ಅದು ಸುಳ್ಳು ಅರ್ಜಿಯಾಗುತ್ತದಂತೆ. ಸುಳ್ಳಿ ಅಂದಳಲ್ಲ ನನ್ನನ್ನು, ಮೈಯೆಲ್ಲ ಉರಿದುಹೋಯಿತು.

ಈ ಊರಿನಲ್ಲಿ ನೆರಳಿನ ಮೇಲೆ ಗಾಡಿ ಹರಿದರೆ ಮನುಷ್ಯನಿಗೆ ನೋವಾಗುತ್ತದೆ. ನೆರಳಿನ ಮೊಣಕಾಲಿನ ಮೇಲೆ ಹರಿದರೆ ಮೊಣಕಾಲು, ಭುಜದ ಮೇಲೆ ಹರಿದರೆ ಭುಜ. ಜನ ಇದಕ್ಕೆ ಹೊಂದಿಕೊಂಡು ಎಷ್ಟು ತಲೆಮಾರಾಯಿತೋ. ಬೆಳಗ್ಗೆ ಸಂಜೆ ನೆರಳು ಉದ್ದವಾಗುವ ಹೊತ್ತಿಗೆ ಎಲ್ಲರೂ ಬೀದಿಯ ಅಂಚಿಗೆ ಸರಿದು, ನೆರಳನ್ನು ಗೋಡೆಗೆ ಹತ್ತಿಸಿಕೊಂಡು ನಡೆಯುತ್ತಾರೆ. ತಾಯಂದಿರು ಮಕ್ಕಳಿಗೆ ಕೈ ಹಿಡ್ಕೊ ಅನ್ನುವುದಿಲ್ಲ, ನೆರಳು ಒಳಗೆ ತಗೊ ಅನ್ನುತ್ತಾರೆ. ಗಾಡಿಗಳು ಬೀದಿಗಿಳಿಯುವುದು ಸೂರ್ಯ ನೆತ್ತಿಗೆ ಬಂದಾಗ. ಹನ್ನೊಂದರಿಂದ ಎರಡರವರೆಗೆ ಊರೆಲ್ಲ ಹಾರ್ನು, ಹೊಗೆ, ಗಡಿಬಿಡಿ. ಆಮೇಲೆ ಗಾಡಿ ತೆಗೆಯುವವನು ಕೈಪಳಗಿದವನೇ ಆಗಿರಬೇಕು. ಮೋಡ ಕವಿದ ದಿನ ಊರಿಗೆ ಹಬ್ಬ. ಮದುವೆ ದಿಬ್ಬಣ, ಮನೆ ಬದಲಾಯಿಸುವವರ ಸಾಮಾನು, ಎಲ್ಲ ಅವತ್ತೇ ಹೊರಡುತ್ತವೆ. ಔಷಧಿ ಅಂಗಡಿಯಲ್ಲಿ ನೆರಳು ನೋವಿಗೆ ಅಂತಲೇ ಒಂದು ಎಣ್ಣೆ ಸಿಗುತ್ತದೆ, ಅದನ್ನು ಹಚ್ಚಿಕೊಂಡು ಮೂರು ದಿನ ಮನೆಯೊಳಗೆ ಕೂರಬೇಕು.

ನಾವು ಗಡಿ ದಾಟಿ ಬಂದವರು. ನಾವು ಅಂದರೆ ನಾನು ಮತ್ತು ನಮ್ಮ ಯಜಮಾನರು, ಚೆಲುವಯ್ಯ ಅಂತ ಅವರ ಹೆಸರು. ಆ ಕಡೆ ನನಗೊಂದು ಶಾಲಾ ವ್ಯಾನು ಇತ್ತು. ಹದಿಮೂರು ವರ್ಷ ಹದಿನಾಲ್ಕು ಹದಿನಾಲ್ಕು ಮಕ್ಕಳನ್ನು ಹೊತ್ತುಕೊಂಡು ಹೋಗಿ, ಹೊತ್ತುಕೊಂಡು ಬಂದೆ. ಒಂದು ಮಗುವಿನ ಮೂಗಿಗೆ ತರಚಲಿಲ್ಲ, ಒಂದು ಕೋಳಿಮರಿಯ ಮೇಲೆ ಚಕ್ರ ಹತ್ತಲಿಲ್ಲ. ಶಾಲೆಯವರು ತಾವೇ ಬಸ್ಸು ಇಟ್ಟುಕೊಂಡ ಮೇಲೆ ನನ್ನ ವ್ಯಾನಿಗೆ ಕೆಲಸವಿಲ್ಲದಾಯಿತು. ಆಗ ಈ ಊರಿನ ಅಬ್ಬಾಸಣ್ಣನ ಬೇಕರಿಯವರು ಡ್ರೈವರ್ ಬೇಕು, ಬೇಕರಿಯ ಹಿಂದೆ ಎರಡು ಕೋಣೆಯ ಮನೆ ಕೊಡುತ್ತೇವೆ ಅಂತ ಪೇಪರಿನಲ್ಲಿ ಹಾಕಿಸಿದ್ದರು. ವ್ಯಾನು ಮಾರಿದೆವು, ಇದ್ದ ಮನೆಯನ್ನೂ ಮಾರಿದೆವು, ಬಂದುಬಿಟ್ಟೆವು. ಹಿಂದಕ್ಕೆ ಹೋದರೆ ತಲೆಯಿಟ್ಟು ಮಲಗಲು ಜಾಗವಿಲ್ಲ.

ನನ್ನ ಹಳೆಯ ಲೈಸೆನ್ಸು ಇಲ್ಲಿ ತೊಂಬತ್ತು ದಿನ ನಡೆಯುತ್ತದೆ, ಅದೂ ನಡುಮಧ್ಯಾಹ್ನ ಮಾತ್ರ. ಅಷ್ಟರೊಳಗೆ ಅದನ್ನು ಕೊಟ್ಟು ಈ ಊರಿನ ಲೈಸೆನ್ಸು ಪಡೆಯಬೇಕು. ಬೇಕರಿಗೆ ಬೇಕಾದದ್ದು ಬೆಳಗಿನ ಡ್ರೈವರು. ಬಿಸಿ ಬ್ರೆಡ್ಡು ಹನ್ನೊಂದು ಗಂಟೆಯವರೆಗೆ ಕಾಯುತ್ತದೆಯೇ? ನನಗೆ ಲೈಸೆನ್ಸು ಬರುವವರೆಗೆ ಬೆಳಗಿನ ಸರದಿಯನ್ನು ಅಬ್ಬಾಸಣ್ಣನೇ ಓಡಿಸುತ್ತಿದ್ದ. ಅವನಿಗೆ ಒಂದು ಕಣ್ಣಿಗೆ ಪೊರೆ ಬಂದಿತ್ತು. ಒಳ್ಳೆಯವನು, ಆದರೆ ಮಾತು ನೇರ. ತೊಂಬತ್ತನೇ ದಿನಕ್ಕೆ ಲೈಸೆನ್ಸು ಬರದಿದ್ದರೆ ಬೇರೆ ಡ್ರೈವರನ್ನು ನೋಡಬೇಕಾಗುತ್ತದೆ, ಮನೆಯೂ ಅವನಿಗೇ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಅಂತ ಮೊದಲ ದಿನವೇ ಹೇಳಿದ್ದ.

ಎರಡನೇ ಸಲ ಹೋದಾಗಲೂ ಸೊನ್ನೆಯನ್ನೇ ಬರೆದೆ. ಮೂರನೇ ಸಲವೂ. ನನ್ನ ಮುಂದೆ ನಿಂತಿದ್ದ ಇನ್ನೊಬ್ಬ ವಲಸೆಗಾರ ತಲೆ ಕೂಡ ಕೆರೆದುಕೊಳ್ಳದೆ ಇಪ್ಪತ್ಮೂರು ಅಂತ ಗೀಚಿದ. ಮೃಗಾವತಿ ಅದನ್ನು ಓದಲೂ ಇಲ್ಲ, ಠಪ್ಪನೆ ಮೊಹರು ಒತ್ತಿದಳು. ಅವನನ್ನು ಬಾಗಿಲ ಹತ್ತಿರ ತಡೆದು, ಇಪ್ಪತ್ಮೂರು ಎಲ್ಲಿಂದ ಬಂತು ಅಂತ ಕೇಳಿದೆ. ಎಲ್ಲರೂ ಹತ್ತರಿಂದ ನಲವತ್ತರ ಒಳಗೆ ಒಂದು ಬರೆಯುತ್ತಾರಂತೆ, ಹತ್ತಕ್ಕಿಂತ ಕಮ್ಮಿ ಬರೆದರೆ ನಂಬುವುದಿಲ್ಲ, ನಲವತ್ತು ದಾಟಿದರೆ ಕೊಡುವುದಿಲ್ಲ, ಅದಕ್ಕೇ ಇಪ್ಪತ್ಮೂರು ಅಂದ. ಹಲ್ಲು ಕಿರಿದುಕೊಂಡು ಹೋದ, ಬೇವರ್ಸಿ.

ವಾಪಸ್ಸು ಕಿಟಕಿಗೆ ಬಂದು ಬಾಯಿ ಬಿಟ್ಟೆ. ಏನು ಮೇಡಂ, ಸುಳ್ಳು ಬರೆದವನಿಗೆ ಮೊಹರು, ನಿಜ ಬರೆದವಳಿಗೆ ಬಾಗಿಲು ತೋರಿಸುತ್ತೀರಾ, ನಮ್ಮ ದೇಶದಲ್ಲಿ ನೆರಳಿಗೆ ನೋವೂ ಇಲ್ಲ ಗೀವೂ ಇಲ್ಲ, ಇಲ್ಲದ ನೋವನ್ನು ಯಾವ ಲೆಕ್ಕದಲ್ಲಿ ಬರೆಯಲಿ ಅಂತ ಕೂಗಾಡಿದೆ. ಕ್ಯೂನಲ್ಲಿದ್ದವರೆಲ್ಲ ಗೋಡೆಗೆ ಒತ್ತಿಕೊಂಡರು. ಮೃಗಾವತಿ ದನಿ ಏರಿಸಲಿಲ್ಲ. ಡ್ರಾಯರಿನಿಂದ ಹಳದಿ ಬಣ್ಣದ ಇನ್ನೊಂದು ಫಾರಂ ತೆಗೆದು ಮುಂದಿಟ್ಟಳು. ಅದು ಮುಂದಕ್ಕೆ ಮಾತ್ರ ಲೈಸೆನ್ಸು. ಯಾವ ಹೊತ್ತಿನಲ್ಲಾದರೂ ಓಡಿಸಬಹುದು, ಆದರೆ ರಿವರ್ಸ್ ಗೇರು ಹಾಕುವಂತಿಲ್ಲ, ಹಿಂದೆ ಹೋಗಬೇಕಾದರೆ ಊರು ಸುತ್ತಿ ಬರಬೇಕು. ಹೊಸದಾಗಿ ಕಲಿತ ಹುಡುಗ ಹುಡುಗಿಯರಿಗೆ ಕೊಡುವಂಥದ್ದು, ಅದರಲ್ಲಿ ಏಳನೇ ಕಾಲಂ ಇರುವುದಿಲ್ಲ.

ನನಗೆ? ಹದಿಮೂರು ವರ್ಷ ಕಿಷ್ಕಿಂಧೆಯಂಥ ಓಣಿಯಲ್ಲಿ ವ್ಯಾನನ್ನು ಹಿಂದಕ್ಕೆ ತೆಗೆದು ಶೆಡ್ಡಿಗೆ ಸೇರಿಸಿದವಳಿಗೆ ಅರ್ಧ ಲೈಸೆನ್ಸು? ಆ ಹಳದಿ ಕಾಗದವನ್ನು ಮುದ್ದೆ ಮಾಡಿ ಅಲ್ಲೇ ಬುಟ್ಟಿಗೆ ಎಸೆದೆ. ಅಲ್ಲದೆ ಅದನ್ನು ತೆಗೆದುಕೊಂಡು ಪ್ರಯೋಜನವೂ ಇರಲಿಲ್ಲ. ಬೇಕರಿ ಇರುವುದು ಒಂದು ಮುಚ್ಚಿದ ಓಣಿಯ ತುದಿಯಲ್ಲಿ. ಒಳಗೆ ಮುಂದಕ್ಕೆ ಹೋದರೆ ಹೊರಗೆ ಹಿಂದಕ್ಕೇ ಬರಬೇಕು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. ಇವರು ಮೂಲೆಯಲ್ಲಿ ಗೋಣಿತಾಟಿನ ಮೇಲೆ ಒರಗಿ ಕೂತಿದ್ದರು. ಇವರಿಗೆ ಸೊಂಟ ನೋವು, ಇವತ್ತಿನದಲ್ಲ. ಬಗ್ಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಆ ಕಡೆ ಮೂರು ಡಾಕ್ಟರು, ಒಬ್ಬ ನಾಟಿ ವೈದ್ಯ ಎಲ್ಲರೂ ನೋಡಿ ಮೂಳೆ ಸರಿಯಾಗಿದೆ, ನರ ಸರಿಯಾಗಿದೆ ಅಂದಿದ್ದರು. ಎಲ್ಲ ಸರಿಯಾಗಿದ್ದ ಮೇಲೆ ಉಳಿಯುವುದು ಮೈಗಳ್ಳತನ ತಾನೇ? ನಾನು ಹಾಗೇ ಅನ್ನುತ್ತಿದ್ದೆ, ಬಾಯಿಗೆ ಬಂದ ಹಾಗೆ, ಬಂದವರ ಮುಂದೆಯೂ. ಇವರು ಒಂದು ದಿನ ಎದುರು ಮಾತಾಡಿದವರಲ್ಲ. ಅವತ್ತೂ ಮೆಲ್ಲಗೆ, ಏನೋ ಒಂದು ಬರೆದು ಕೊಟ್ಟುಬಿಡು ದೇವೀರಿ, ಇಪ್ಪತ್ತೋ ಮೂವತ್ತೋ ಅಂದರು. ನಾನು ಸುಳ್ಳು ಬರೆದು ಬದುಕಬೇಕಾ, ನೀವಾದರೂ ಗಂಡಸರ ಹಾಗೆ ನನ್ನ ಪರವಾಗಿ ಬಂದು ಆ ಕಿಟಕಿಯಲ್ಲಿ ಎರಡು ಮಾತಾಡಬಾರದಾ ಅಂತ ಅವರ ಮೇಲೂ ಹರಿಹಾಯ್ದೆ.

ಪಕ್ಕದ ಮನೆಯ ಲಚ್ಚಮ್ಮ ಇವರು ನಡೆಯುವುದನ್ನು ನಲ್ಲಿಯ ಹತ್ತಿರ ನೋಡಿದ್ದಳಂತೆ. ಮಾರನೆಯ ದಿನ ಕೇಳದೆಯೇ ಒಂದು ಸೀಸೆ ನೆರಳೆಣ್ಣೆ ತಂದುಕೊಟ್ಟಳು. ಅಣ್ಣನಿಗೆ ಯಾವ ವರ್ಷ ಹರಿದಿದ್ದು ಅಂತ ಕೇಳಿದಳು. ಯಾವ ವರ್ಷವೂ ಇಲ್ಲ, ನಮ್ಮ ಕಡೆ ಆ ರೋಗ ಇಲ್ಲ, ಇವರದು ಬೇರೆ ಜಾತಿಯ ರೋಗ, ಅದಕ್ಕೆ ಎಣ್ಣೆಯಲ್ಲ ಬೆತ್ತ ಬೇಕು ಅಂದೆ. ಲಚ್ಚಮ್ಮ ನಗಲಿಲ್ಲ. ಸೀಸೆಯನ್ನು ಹೊಸಿಲ ಮೇಲಿಟ್ಟು ಹೋದಳು. ಬಿಸಾಡಲು ಮನಸ್ಸಾಗದೆ ಕಪಾಟಿನ ಹಿಂದೆ ತಳ್ಳಿದೆ.

ದಿನಗಳು ಓಡಿದವು. ಎಂಬತ್ತೆಂಟನೇ ದಿನ ನಾನು ಕಿಟಕಿಯ ಮುಂದೆ ಕೂತುಬಿಟ್ಟೆ, ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು. ನನ್ನ ಸೊನ್ನೆಗೆ ಮೊಹರು ಬೀಳುವವರೆಗೆ ಏಳುವುದಿಲ್ಲ ಅಂದೆ. ಜವಾನ ಬಂದು ಗದರಿದ, ನಾನು ಎರಡರಷ್ಟು ಗದರಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಮೃಗಾವತಿಯೇ ಹೊರಗೆ ಬಂದಳು. ಕಿಟಕಿಯ ಹಿಂದೆ ದೊಡ್ಡದಾಗಿ ಕಾಣುತ್ತಿದ್ದವಳು ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದಳು. ಕೈಯಲ್ಲಿ ಹಳೆಯ ನಿಯಮಗಳ ಪುಸ್ತಕ ಇತ್ತು.

"ನೋಡಿಯಮ್ಮ, ಸೊನ್ನೆ ಬರೆದೋರು ಸೊನ್ನೆ ಮಾಡಿ ತೋರಿಸ್ಬೇಕು ಅಂತ ಒಂದು ನಿಯಮ ಇದೆ. ಸಂಜೆ ನಾಲ್ಕು ಗಂಟೆಗೆ ಸಂತೆಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಬರಬೇಕು. ಆಮೇಲೆ ಗಾಡಿಯನ್ನ ಹಿಂದಕ್ಕೆ ತೆಗೆದು ನಮ್ಮ ಶೆಡ್ಡಿಗೆ ಸೇರಿಸ್ಬೇಕು. ಒಂದು ನೆರಳು ಮುಟ್ಟಬಾರದು. ನಾನು ಈ ಕೆಲಸಕ್ಕೆ ಸೇರಿದ ಮೇಲೆ ಯಾರೂ ಇದನ್ನ ಕೇಳಿಲ್ಲ."

ನಾಳಿದ್ದು ಇಡಿ ಅಂದೆ. ನಾಳಿದ್ದು ಅಂದರೆ ತೊಂಬತ್ತನೇ ದಿನ.

ಅವತ್ತು ಆಕಾಶದಲ್ಲಿ ಹತ್ತಿಯಷ್ಟೂ ಮೋಡ ಇರಲಿಲ್ಲ. ಸುದ್ದಿ ಹರಡಿತ್ತು; ಸಂತೆಬೀದಿಯ ಎರಡೂ ಕಡೆ ಜನ ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತಿದ್ದರು. ಆದರೂ ಸಂತೆ ಸಂತೆಯೇ, ಸೌತೆಕಾಯಿ ರಾಶಿಯ ಪಕ್ಕ ಬಗ್ಗಿದವಳ ನೆರಳು, ತಕ್ಕಡಿ ಹಿಡಿದವನ ನೆರಳು, ಬೀದಿಯ ಅರ್ಧಕ್ಕೆ ಚಾಚಿದ ಯಾರದೋ ಟೋಪಿಯ ನೆರಳು. ಬೇಕರಿ ವ್ಯಾನಿನಲ್ಲಿ ನನ್ನ ಪಕ್ಕ ಮೃಗಾವತಿ ಹಲಗೆ, ಪೆನ್ನು ಹಿಡಿದು ಕೂತಿದ್ದಳು. ಇವರು ಬುತ್ತಿ ಡಬ್ಬಿ ಹಿಡಿದುಕೊಂಡು ಕಚೇರಿಯ ಹತ್ತಿರವೇ ಕಾಯುತ್ತೇನೆ ಅಂದಿದ್ದರು.

ನಾನು ಅವತ್ತು ಓಡಿಸಿದ ಹಾಗೆ ಯಾವತ್ತೂ ಓಡಿಸಿಲ್ಲ. ಕೋಪ ಕಾಲಿನಲ್ಲಿ ಇರಲಿಲ್ಲ, ಕಣ್ಣಿನಲ್ಲಿತ್ತು. ಒಂದೊಂದು ನೆರಳಿನ ಬೆರಳು ಎಲ್ಲಿ ಮುಗಿಯುತ್ತದೆ ಅನ್ನುವುದು ಗೆರೆ ಹೊಡೆದ ಹಾಗೆ ಕಂಡಿತು. ಅರ್ಧ ಕ್ಲಚ್ಚಿನಲ್ಲಿ ವ್ಯಾನನ್ನು ಹಿಡಿದು, ಎಡಕ್ಕೆ ಒಂದು ಗೇಣು, ಬಲಕ್ಕೆ ಎರಡು ಗೇಣು ಸರಿಸುತ್ತ ಹೋದೆ. ಟೋಪಿಯವನು ಟೋಪಿ ತೆಗೆಯಲು ಕೈ ಎತ್ತಿದ, ಕೈಯ ನೆರಳು ಹೊಸದಾಗಿ ಬಂತು, ಅಲ್ಲೇ ನಿಂತು ಅವನು ಕೈ ಇಳಿಸುವವರೆಗೆ ಕಾದೆ. ಬೀದಿಯ ಈ ತುದಿ ಮುಟ್ಟಿದಾಗ ಮೃಗಾವತಿಯ ಹಲಗೆಯ ಮೇಲಿನ ಕಾಗದ ಖಾಲಿ ಇತ್ತು. ಕಣ್ಣಂಚಿನಲ್ಲಿ ಅದನ್ನು ನೋಡಿದೆ. ಸುಳ್ಳಿ ಅಂದೆಯಲ್ಲ, ಈಗ ಹೇಳು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಉಳಿದದ್ದು ರಿವರ್ಸ್. ಕಚೇರಿಯ ಶೆಡ್ಡು ಅಗಲವಾಗಿತ್ತು, ಸುತ್ತ ಯಾರೂ ಇರಲಿಲ್ಲ. ಈ ಊರಿನಲ್ಲಿ ಗಾಡಿ ಹಿಂದಕ್ಕೆ ಬರುವಾಗ ಅದರ ಹತ್ತಿರ ಯಾರೂ ಸುಳಿಯುವುದೇ ಇಲ್ಲ, ಅಷ್ಟು ಹೆದರಿಕೆ. ಗೇರು ಹಾಕಿ ಬಿಟ್ಟೆ. ಆಗ ವ್ಯಾನಿನ ಹಿಂಬದಿಗೆ ಯಾರೋ ಎರಡು ಸಲ ತಟ್ಟಿದರು, ಧಪ್ ಧಪ್ ಅಂತ.

"ಬರ್ಲಿ... ಬರ್ಲಿ... ಬರ್ಲಿ..."

ಇವರು. ಡಬ್ಬಿಯನ್ನು ಕೆಳಗಿಟ್ಟು ಓಡಿ ಬಂದು ಶೆಡ್ಡಿನ ಕಂಬದ ಪಕ್ಕ ನಿಂತಿದ್ದರು. ನಮ್ಮ ಕಡೆ ಗಾಡಿ ಹಿಂದಕ್ಕೆ ಬರುತ್ತಿದ್ದರೆ ಹಿಂದೆ ಒಬ್ಬರು ನಿಂತು ಬರ್ಲಿ ಬರ್ಲಿ ಅನ್ನದಿದ್ದರೆ ಆಗುತ್ತದೆಯೇ? ಹದಿಮೂರು ವರ್ಷ ಇವರು ಮಾಡಿದ್ದು ಅದನ್ನೇ. ದಿನಾ ಸಂಜೆ ನಾಲ್ಕಕ್ಕೆ ಮಕ್ಕಳನ್ನೆಲ್ಲ ಇಳಿಸಿ ನಾನು ಮನೆಯ ಮುಂದೆ ಬಂದರೆ ಇವರು ಶೆಡ್ಡಿನ ಕಂಬದ ಪಕ್ಕ ನಿಂತು ಕೈ ಬೀಸುತ್ತಿದ್ದರು, ಆಮೇಲೆ ಸಾಕು ಅನ್ನುತ್ತಿದ್ದರು. ಅವರು ಸಾಕು ಅಂದ ಮೇಲೆ ನಾನು ಇನ್ನೊಂದು ಮೊಳ ಹೋಗುತ್ತಿದ್ದೆ. ದಿನಾ. ಅವರ ಕಣ್ಣಳತೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ನನ್ನ ವ್ಯಾನು ನನಗೆ ಗೊತ್ತಿತ್ತು.

"ಸಾಕು" ಅಂದರು ಇವರು.

ನಾನು ಇನ್ನೊಂದು ಮೊಳ ಹೋದೆ.

ಬೀದಿಯ ಜನ ಒಂದೇ ಸಲ ಕೂಗಿದ್ದು ಕೇಳಿ ಬ್ರೇಕು ಒತ್ತಿದೆ. ಕನ್ನಡಿಯಲ್ಲಿ ಇವರ ಮುಖ ಕಂಡಿತು. ಕೆಳದುಟಿ ಕಚ್ಚಿಕೊಂಡು, ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಕಂಬಕ್ಕೆ ಒರಗಿದ್ದರು. ಆ ಮುಖ ನನಗೆ ಹೊಸದಲ್ಲ. ಹದಿಮೂರು ವರ್ಷ ದಿನಾ ಸಂಜೆ ನಾಲ್ಕಕ್ಕೆ ಇದೇ ಕನ್ನಡಿಯಂಥ ಕನ್ನಡಿಯಲ್ಲಿ ಅದೇ ಮುಖ ನೋಡಿದ್ದೆ. ತುಟಿ ಕಚ್ಚುವುದು, ಸೊಂಟಕ್ಕೆ ಕೈ. ನೋಡಿ ನೋಡಿ, ಇವರಿಗೆ ನಾನು ದುಡಿದು ಬರುವುದನ್ನು ಕಂಡರೆ ಮುಖ ಹುಳ್ಳಗಾಗುತ್ತದೆ ಅಂದುಕೊಂಡಿದ್ದೆ.

ಇಳಿದು ಹಿಂದೆ ಹೋದೆ. ಬಲಗಡೆಯ ಹಿಂದಿನ ಚಕ್ರ ಇವರ ನೆರಳಿನ ಸೊಂಟದ ಮೇಲೆ ಕೂತಿತ್ತು, ಸರಿಯಾಗಿ ಮಧ್ಯಕ್ಕೆ. ಮೃಗಾವತಿ ನನಗಿಂತ ಮೊದಲೇ ಅಲ್ಲಿದ್ದಳು. ನೆರಳಿಗೆ ಏಟಾದರೆ ಆ ಮನುಷ್ಯನನ್ನು ಅಲ್ಲೇ ಕೇಳಬೇಕು ಅಂತ ನಿಯಮವಂತೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಇವರನ್ನು ನೋವಾಯಿತೇ ಅಂತ ಕೇಳಿದಳು, ಇವರು ತಲೆಯಾಡಿಸಿದರು. ಎಲ್ಲಿ ಅಂದಾಗ ಸೊಂಟ ತೋರಿಸಿದರು. ಈ ನೋವು ಹೊಸದೋ ಹಳೆಯದೋ ಅಂದಳು.

ಇವರು ನನ್ನ ಮುಖ ನೋಡಿದರು. ಹೇಳಲೋ ಬೇಡವೋ ಅಂತ.

"ಹಳೇದು ತಾಯಿ" ಅಂದರು. "ಅದೇ ಜಾಗ."

ನನಗೆ ಆಗ ಬಂದದ್ದು ಅಳುವಲ್ಲ, ಸಿಟ್ಟು. ಜೀವಮಾನದಲ್ಲಿ ಅಂಥ ಸಿಟ್ಟು ಬಂದಿರಲಿಲ್ಲ. ಜನ ನೋಡುತ್ತಿದ್ದಾರೆ ಅನ್ನುವುದನ್ನೂ ಮರೆತು ಇವರ ಅಂಗಿಯ ತೋಳು ಹಿಡಿದು ಜಗ್ಗಿದೆ.

"ಬಾಯಲ್ಲಿ ಏನು ಇಟ್ಕೊಂಡಿದ್ರಿ ಇಷ್ಟು ವರ್ಷ? ಒಂದು ಮಾತು ಹೇಳೋಕೆ ಏನಾಗಿತ್ರೀ ನಿಮಗೆ?"

"ಹೇಳಿದ್ದೆ ಕಣೆ. ವ್ಯಾನು ತಗೊಂಡ ವರ್ಷಾನೇ ಹೇಳಿದ್ದೆ. ನೀನು ನಕ್ಕುಬಿಟ್ಟೆ."

ನೆನಪಾಯಿತು. ಥೂ, ನೆನಪಾಗಬಾರದಿತ್ತು. ಒಂದು ಸಂಜೆ ಇವರು ಕಾಲು ತೊಳೆಯುತ್ತ, ನಿನ್ನ ಚಕ್ರ ನನ್ನ ನೆರಳಿನ ಮೇಲೆ ಹತ್ತಿದರೆ ಸೊಂಟದಲ್ಲಿ ಚಳುಕು ಹೊಡೆದ ಹಾಗಾಗುತ್ತದೆ ದೇವೀರಿ, ಸಾಕು ಅಂದಾಗ ನಿಲ್ಲಿಸು ಅಂದಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಷ್ಟೇ ಆಗಿದ್ದರೆ ಸರಿ, ಮಾರನೆಯ ದಿನ ವ್ಯಾನಿನಲ್ಲಿ ಮಕ್ಕಳಿಗೂ ಹೇಳಿ ನಗಿಸಿದ್ದೆ. ಮಕ್ಕಳು ಒಂದು ವರ್ಷ ಇವರನ್ನು ನೆರಳು ಮಾಮ ಅಂತಲೇ ಕರೆದರು, ವ್ಯಾನು ನಮ್ಮ ಮನೆ ಮುಂದೆ ಹಾಯುವಾಗ ಕಿಟಕಿಯಿಂದ ತಲೆ ಹಾಕಿ, ಒಬ್ಬರಾದ ಮೇಲೆ ಒಬ್ಬರು. ಇವರು ಅವರಿಗೆಲ್ಲ ಕೈ ಬೀಸುತ್ತಿದ್ದರು. ಆಮೇಲೆ ಇವರು ಆ ಮಾತು ಎತ್ತಲಿಲ್ಲ.

"ಹಾಗಾದ್ರೆ ಅಲ್ಲಿ ಯಾಕೆ ನಿಲ್ತಿದ್ರಿ? ದಿನಾ ದಿನಾ ಬಂದು ಯಾಕೆ ನಿಲ್ತಿದ್ರಿ?"

"ನಾನು ನಿಲ್ದಿದ್ರೆ ನೀನು ಗೋಡೆಗೆ ಗುದ್ದುತಿದ್ದೆ" ಅಂದರು ಇವರು.

ಜನ ಯಾರೂ ನಗಲಿಲ್ಲ. ನಕ್ಕಿದ್ದರೆ ಒಬ್ಬರನ್ನಾದರೂ ಹಿಡಿದು ಬಡಿಯಬಹುದಿತ್ತು. ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಲಿ ಅಂತ ಸುತ್ತ ನೋಡಿದೆ. ಮೃಗಾವತಿಯ ಮೇಲೆ? ಅವಳು ಮೊದಲ ದಿನವೇ ಸರಿಯಾದ ಪ್ರಶ್ನೆ ಕೇಳಿದ್ದಳು. ಇವರ ಮೇಲೆ? ಹೇಳಿದ್ದರು. ಉಳಿದವಳು ಒಬ್ಬಳೇ, ಅವಳನ್ನು ಬಡಿಯುವುದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಮೃಗಾವತಿ ಮೊದಲು ವ್ಯಾನನ್ನು ಮುಂದಕ್ಕೆ ತೆಗೆಯಿರಿ ಅಂದಳು. ತೆಗೆದೆ. ಇವರನ್ನು ಕಚೇರಿಯೊಳಗೆ ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ನನ್ನ ಫಾರಂ ತೆಗೆದು ನೋಡುತ್ತ ಕೂತಳು. ಇವರು ನಿಮ್ಮ ಮನೆಯವರೇ ಆದ್ದರಿಂದ, ಅವರು ದೂರು ಕೊಡುವುದಿಲ್ಲ ಅಂದರೆ, ಏಳನೇ ಕಾಲಂನಲ್ಲಿ ಒಂದು ಅಂತ ಬರೆದು ಎಲ್ಲ ಮುಗಿಸಬಹುದು, ಇವತ್ತಿನದು ಒಂದೇ ತಾನೇ ನಾನು ಕಣ್ಣಾರೆ ಕಂಡದ್ದು, ಅಂದಳು. ತೊಂಬತ್ತು ದಿನ ಉಕ್ಕಿನ ಹಾಗಿದ್ದ ಹೆಂಗಸು ಆ ಮಾತನ್ನು ತಲೆ ತಗ್ಗಿಸಿಕೊಂಡು ಹೇಳಿದಳು. ಬೆಂಚಿನ ಮೇಲಿಂದ ಇವರೂ ಅವಸರ ಅವಸರವಾಗಿ, ಹೌದು ಹೌದು, ನನ್ನ ದೂರೇನೂ ಇಲ್ಲ, ಒಂದು ಬರೆಯಿರಿ ಅಂದರು.

ಒಂದು ಗೀಟು ಎಳೆದರೆ ಲೈಸೆನ್ಸು, ಕೆಲಸ, ಎರಡು ಕೋಣೆಯ ಮನೆ. ಪೆನ್ನು ತೆಗೆದುಕೊಂಡೆ. ವರ್ಷಕ್ಕೆ ಇನ್ನೂರಿಪ್ಪತ್ತು ದಿನ ಶಾಲೆ, ಹದಿಮೂರು ವರ್ಷ, ಎರಡು ಸಾವಿರದ ಎಂಟುನೂರ ಅರವತ್ತು. ಅದರಲ್ಲಿ ಮೋಡದ ದಿನಗಳನ್ನು ಕಳೆಯಬೇಕು. ಎಷ್ಟು ಕಳೆಯಲಿ ಅಂತ ಯೋಚಿಸಿದೆ, ಉದಾರವಾಗಿಯೇ ಕಳೆದೆ. ಎರಡು ಸಾವಿರದ ನೂರು ಉಳಿಯಿತು. ಚೌಕ ಇದ್ದದ್ದು ಎರಡೇ, ಅಂಕಿ ನಾಲ್ಕು. ಮೊದಲೆರಡನ್ನು ಚೌಕದೊಳಗೆ, ಉಳಿದೆರಡನ್ನು ಹೊರಗೆ ಬಿಳಿ ಜಾಗದಲ್ಲಿ ಬರೆದೆ. ಇವತ್ತಿನದನ್ನು ಕೂಡಿಸಿ ಕೊನೆಯ ಸೊನ್ನೆಯನ್ನು ಒಂದು ಮಾಡಿದೆ.

ಮೃಗಾವತಿ ಅದನ್ನು ಬಹಳ ಹೊತ್ತು ನೋಡಿದಳು. ಹತ್ತೊಂಬತ್ತು ವರ್ಷದಿಂದ ಈ ಕಾಲಂ ನೋಡುತ್ತಿದ್ದೇನೆ, ಎಣಿಸಿ ಬರೆದವರನ್ನು ಇವತ್ತೇ ಕಂಡದ್ದು ಅಂದಳು. ಆದರೆ ಕೊಡಲು ಆಗುವುದಿಲ್ಲ, ನಲವತ್ತು ದಾಟಿತು ಅಂದಳು. ನನಗೆ ಗೊತ್ತು, ಕೊಡಬೇಡಿ ಅಂದೆ. ಅವಳು ಡ್ರಾಯರಿನಿಂದ ಹಳದಿ ಫಾರಂ ತೆಗೆದಳು. ಈ ಸಲ ಮುದ್ದೆ ಮಾಡಲಿಲ್ಲ, ಸಹಿ ಹಾಕಿದೆ. ನನ್ನ ಹಳೆಯ ಲೈಸೆನ್ಸನ್ನು ತೆಗೆದುಕೊಂಡು ಡಬ್ಬಕ್ಕೆ ಹಾಕಿ, ಹಳದಿ ಕಾರ್ಡಿನ ಮೇಲೆ ಮೊಹರು ಒತ್ತಿದಳು. ಮುಂದಕ್ಕೆ ಮಾತ್ರ.

ಅಬ್ಬಾಸಣ್ಣನಿಗೆ ಕಾರ್ಡು ತೋರಿಸಿದೆ, ಎಲ್ಲ ಹೇಳಿದೆ. ಅವನು ಪೊರೆಯ ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅದನ್ನು ಓದಿದ. ಅಕ್ಕ, ಓಣಿ ಮುಚ್ಚಿದ ಓಣಿ, ಗಾಡಿ ಹೊರಗೆ ಹೇಗೆ ಬರುತ್ತೆ ಅಂದ. ಅಷ್ಟು ಹೊತ್ತಿಗೆ ನಾನು ಕಾರ್ಡಿನ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿ ಮುಗಿಸಿದ್ದೆ. ಎಂಜಿನ್ನು ನಿಲ್ಲಿಸಿ ಕೈಯಿಂದ ತಳ್ಳಿದರೆ ಅದು ಓಡಿಸಿದ ಲೆಕ್ಕಕ್ಕೆ ಬರುವುದಿಲ್ಲ, ಆಗ ಸ್ಟೀರಿಂಗಿನಲ್ಲಿ ಯಾರು ಬೇಕಾದರೂ ಕೂರಬಹುದು ಅಂತ ಅದರಲ್ಲಿತ್ತು. ತಳ್ಳುತ್ತೇನೆ ಅಂದೆ. ನಲವತ್ತು ಮಾರು ಓಣಿ, ನೀವೊಬ್ಬರೇ ತಳ್ಳುತ್ತೀರಾ ಅಂದ. ಆಗದಿದ್ದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತೇನೆ, ನೋಡೋಣ ಅಂದೆ. ಅವನು ಒಪ್ಪಿದ.

ಹೊಸಿಲು ದಾಟಿದವಳೇ ಕಪಾಟಿನ ಹಿಂದಿನ ಸೀಸೆ ತೆಗೆದೆ. ಇವರನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕಿದೆ. ತಿಕ್ಕುತ್ತಲೇ ಬೈದೆ, ಇಷ್ಟು ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳಿಸುತ್ತದೆ, ಒಂದು ಸಲ ನಕ್ಕರೆ ಎರಡನೇ ಸಲ ಹೇಳಬಾರದಾ, ಕಲ್ಲು ತೆಗೆದು ವ್ಯಾನಿನ ಗಾಜಿಗೆ ಹೊಡೆಯಬಾರದಾ ಅಂತ. ಇವರು ದಿಂಬಿನೊಳಗೆ ಮುಖ ಇಟ್ಟುಕೊಂಡು, ಸ್ವಲ್ಪ ಎಡಕ್ಕೆ ಅಂದರು. ಎಡಕ್ಕೆ ತಿಕ್ಕಿದೆ.

ಈಗ ದಿನಾ ಬೆಳಗ್ಗೆ ಏಳೂವರೆಗೆ ಬ್ರೆಡ್ಡು ತುಂಬಿದ ಮೇಲೆ ಇವರು ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ, ಸೊಂಟದ ಹಿಂದೆ ಒಂದು ದಿಂಬು. ನಾನು ವ್ಯಾನಿನ ಮುಂದೆ ನಿಂತು ಬಾನೆಟ್ಟಿಗೆ ಎರಡೂ ಅಂಗೈ ಕೊಡುತ್ತೇನೆ. ಬೇಕರಿಯ ಒಲೆಯವರು ಮೊದಲ ವಾರ ಕೈ ಹಾಕಲು ಬಂದರು, ಅವರನ್ನು ಅಟ್ಟಿದೆ. ಬರ್ಲಾ ಅಂತ ಕೇಳುತ್ತೇನೆ. ಇವರು ಕನ್ನಡಿಯಲ್ಲಿ ಹಿಂದೆ ನೋಡಿ, ಓಣಿಯ ಬಾಯಲ್ಲಿ ಹಾಲಿನವಳ ನೆರಳೋ ಶಾಲೆಗೆ ಹೋಗುವ ಮಕ್ಕಳ ನೆರಳೋ ಬಿದ್ದಿಲ್ಲವೆಂದು ಗೊತ್ತು ಮಾಡಿಕೊಂಡು, 'ಬರ್ಲಿ' ಅನ್ನುತ್ತಾರೆ. ತಳ್ಳುತ್ತೇನೆ. ಕಾಲಿನ ಮೀನಖಂಡ ಕಿತ್ತು ಬರುತ್ತದೆ, ಯಾರನ್ನೋ ಬೈದುಕೊಂಡೇ ತಳ್ಳುತ್ತೇನೆ.

ಓಣಿಯ ಬಾಯಿ ದಾಟಿ ವ್ಯಾನು ಬೀದಿಗೆ ಹೊರಳಿದಾಗ ಇವರು ಸಾಕು ಅನ್ನುತ್ತಾರೆ. ಇನ್ನೊಂದು ಮೊಳ ಹೋಗಬಹುದು ಅಂತ ನನಗೆ ಗೊತ್ತಿರುತ್ತದೆ. ಕಣ್ಣಳತೆಯಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲೂ ಇಲ್ಲ. ಬಾನೆಟ್ಟಿನಿಂದ ಕೈ ತೆಗೆಯುತ್ತೇನೆ.